ಹೊಳೆಗಿಂತ ಮೊದಲು ಗುಡ್ಡ ನೋಡಿ

ಹೊಳೆ ಉಳಿಸಲು ಹೊರಟ ಹುಡುಗ ಹುಡುಗಿಯರನ್ನು ಕಂಡರೆ ನನಗೆ ತುಂಬ ಅಕ್ಕರೆ. ಆದರೆ ನಿಮ್ಮಲ್ಲಿ ಹೆಚ್ಚಿನವರು ನೀರಿನ ಅಂಚಿನಲ್ಲೇ ನಿಂತುಬಿಡುತ್ತೀರಿ. ಒಮ್ಮೆ ಗುಡ್ಡದ ಕಡೆ ತಿರುಗಿ ಮಕ್ಕಳೇ. ಅಲ್ಲಿ ತಲೆತಲಾಂತರದಿಂದ ಬದುಕಿದವರು ಯಾರು, ಆ ನೆಲವನ್ನು ಹೇಗೆ ನೋಡಿಕೊಂಡಿದ್ದರು ಎಂದು ಮೊದಲು ಕೇಳಿ.

ಅಮೆರಿಕದ ಕ್ಲಾಮತ್ ನದಿಯ ಕಥೆ ಓದಿಕೊಳ್ಳಿ. ಆರೆಗಾನ್‌ನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಕಡಲು ಸೇರುವ ಈ ಹೊಳೆಯ ಸಾಲ್ಮನ್ ಮೀನೇ ಯುರೋಕ್, ಕಾರುಕ್ ಬುಡಕಟ್ಟುಗಳ ಊಟ, ಹಬ್ಬ ಎಲ್ಲವೂ. ವಿದ್ಯುತ್ತಿಗೆಂದು ಕಟ್ಟಿದ ನಾಲ್ಕು ಅಣೆಕಟ್ಟುಗಳು ಮೊಟ್ಟೆಯಿಡಲು ಕಡಲಿನಿಂದ ಹತ್ತಿ ಬರುವ ಮೀನಿನ ದಾರಿ ಮುಚ್ಚಿದವು. 2002ರ ಸೆಪ್ಟೆಂಬರಿನಲ್ಲಿ ನೀರು ಕಡಿಮೆಯಾಗಿ, ಬಿಸಿಯೇರಿ, ರೋಗ ಹಬ್ಬಿ ಹತ್ತಾರು ಸಾವಿರ ಮೀನು ಸತ್ತು ತೇಲಿದವು. ಅಣೆಕಟ್ಟು ತೆಗೆಯಬೇಕೆಂಬ ಪಟ್ಟನ್ನು ಬುಡಕಟ್ಟಿನವರು ಬಿಡಲಿಲ್ಲ. 2024ರ ಹೊತ್ತಿಗೆ ನಾಲ್ಕೂ ಅಣೆಕಟ್ಟು ನೆಲಸಮವಾದವು. ಅದೇ ವರ್ಷದ ಅಕ್ಟೋಬರಿನಲ್ಲಿ ಸಾಲ್ಮನ್ ಆರೆಗಾನ್‌ವರೆಗೂ ಏರಿತು. 1912ರ ಬಳಿಕ ಅಲ್ಲಿ ಅದು ಕಂಡದ್ದು ಅದೇ ಮೊದಲು.

ಸುದ್ದಿ ಅಲ್ಲಿಗೆ ಮುಗಿಯಿತು. ನೀವು ಗಮನಿಸಬೇಕಾದ್ದು ಬೇರೆ. ಹಿನ್ನೀರು ಇಳಿದರೆ ಸುಮಾರು 2,200 ಎಕರೆ ಕೆಸರು ನೆಲ ಬಯಲಾಗುತ್ತದೆ, ಹಾಗೇ ಬಿಟ್ಟರೆ ಕಳೆ ನುಗ್ಗುತ್ತದೆ ಎಂದು ಗೊತ್ತಿತ್ತು. ಅದಕ್ಕೇ ಯುರೋಕ್ ಜನ ವರ್ಷಗಟ್ಟಲೆ ಮುಂಚೆಯೇ ದಂಡೆ, ಇಳಿಜಾರು ಸುತ್ತಿ ನೂರರ ಆಸುಪಾಸು ಬಗೆಯ ನಾಡ ಗಿಡಗಳ ಬೀಜ ಆರಿಸಿದರು. ನರ್ಸರಿಗಳಲ್ಲಿ ಬೆಳೆಸಿದಾಗ ಅದು ಸಾವಿರ ಕೋಟಿಗೂ ಮಿಕ್ಕಿ ಬೀಜವಾಯಿತು. ನೀರು ಇಳಿದಂತೆ ಬಿತ್ತುತ್ತ ಹೋದರು. ನನ್ನ ಲೆಕ್ಕದಲ್ಲಿ ಅಣೆಕಟ್ಟು ಒಡೆದದ್ದಕ್ಕಿಂತ ಇದು ದೊಡ್ಡ ಕೆಲಸ.

ಇನ್ನೊಂದು ಸಂಗತಿ, ಬೆಂಕಿಯದು. ಹದ ನೋಡಿ ಸಣ್ಣ ಬೆಂಕಿ ಹಾಕುವುದು ಅವರ ಪದ್ಧತಿ. ಸುಟ್ಟ ಹೇಜಲ್ ಗಿಡ ಬುಟ್ಟಿ ಹೆಣೆಯಲು ನೆಟ್ಟಗಿನ ಚಿಗುರು ಕೊಡುತ್ತದೆ. ಓಕ್ ಕಾಯಿ ತಿನ್ನುವ ಹುಳು ಸಾಯುತ್ತದೆ. ಹೊಗೆ ಬಿಸಿಲಿಗೆ ಮರೆಯಾಗಿ ಹೊಳೆ ತಂಪಾಗುತ್ತದೆ ಎಂದು ಕಾರುಕ್ ಹಿರಿಯರು ಹೇಳುತ್ತಿದ್ದರು. ವಿಜ್ಞಾನಿಗಳು ಅಳೆದು ನೋಡಿದಾಗ ಕಾಡ್ಗಿಚ್ಚಿನ ಹೊಗೆಯಲ್ಲಿ ನೀರು ತಣ್ಣಗಾದದ್ದು ನಿಜವೇ ಆಗಿತ್ತು. ಈ ಬೆಂಕಿಯ ಪದ್ಧತಿಯನ್ನು ಕ್ಯಾಲಿಫೋರ್ನಿಯಾ 1850ರಲ್ಲೇ ಕಾನೂನಿನಿಂದ ತಡೆಯಿತು. ಉರುವಲು ಗುಡ್ಡೆಬಿದ್ದು ಈಗ ಕಾಡಿಗೆ ಕಾಡೇ ಹತ್ತಿ ಉರಿಯುತ್ತದೆ, ಬೂದಿ ಮಣ್ಣು ಹೊಳೆಗೆ ಜಾರುತ್ತದೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ‘ತರಗು ಬೆಂಕಿ’ಯೂ ವನ್ಯಧಾಮವಾದ ಮೇಲೆ ನಿಂತುಹೋಯಿತು. ಲಂಟಾನ ಇಷ್ಟು ಹಬ್ಬಿದ್ದು ಅದರಿಂದಲೇ ಎನ್ನುತ್ತಾರೆ ಅವರು. ಹಾಗೆಂದು ನೀವೇ ಕಡ್ಡಿ ಗೀರಬೇಡಿ. ಹದ ತಿಳಿದವರ ಕೆಲಸ ಅದು.

2025ರಲ್ಲಿ ಯುರೋಕರಿಗೆ ಬ್ಲೂ ಕ್ರೀಕ್ ಸುತ್ತಲಿನ ಸುಮಾರು 47,000 ಎಕರೆ ಮರಳಿ ಬಂತು. ಬೇಸಿಗೆಯಲ್ಲಿ ಸಾಲ್ಮನ್ ತಂಪು ಹುಡುಕಿ ಬರುವ ತೊರೆ ಅದು. ನೆಲ ಕೈಯಲ್ಲಿಲ್ಲದೆ ಪಾಲನೆಯ ಮಾತು ಬರೀ ಮಾತು.

ಆದ್ದರಿಂದ ಯೋಜನೆ ಬರೆದು ಮುಗಿಸಿ ಗುಡ್ಡದ ಜನರ ಸಹಿ ಕೇಳಲು ಹೋಗಬೇಡಿ. ಮೊದಲ ಸಭೆಯನ್ನೇ ಅವರ ಹಾಡಿಯಲ್ಲಿ ಇಡಿ, ತೀರ್ಮಾನದಲ್ಲಿ ಅವರ ಮಾತೇ ನಡೆಯಲಿ.