ಇಂಗಾಲದ ಅಯಾನು, ಲೇಸರ್ ಕಿರಣ ಮತ್ತು ಕ್ಯಾನ್ಸರ್ ಚಿಕಿತ್ಸೆ

ಕ್ಯಾನ್ಸರ್ ಗಡ್ಡೆಗಳ ನಾಶಕ್ಕೆ ಎಕ್ಸ್‌ಕಿರಣಗಳನ್ನು ಪ್ರಯೋಗಿಸುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಆದರೆ ಈ ಕಿರಣಗಳಿಗೆ ಒಂದು ಸ್ವಭಾವದೋಷವಿದೆ. ಚರ್ಮದಿಂದ ಸ್ವಲ್ಪವೇ ಒಳಗೆ ಅವುಗಳ ಪ್ರಭಾವ ಗರಿಷ್ಠವಾಗಿರುತ್ತದೆ; ಆಳಕ್ಕೆ ಹೋದಂತೆ ಕ್ಷೀಣಿಸುತ್ತ, ಗಡ್ಡೆಯನ್ನು ದಾಟಿ ಆಚೆಗಿನ ಆರೋಗ್ಯವಂತ ಅಂಗಗಳನ್ನೂ ಅವು ತಾಕುತ್ತವೆ.

ವೇಗವಾಗಿ ಚಲಿಸುವ ಅಯಾನುಗಳ ರೀತಿ ಬೇರೆ. ಅವು ತಮ್ಮ ಶಕ್ತಿಯ ದೊಡ್ಡ ಪಾಲನ್ನು ಪಯಣದ ಕೊನೆಗೆ, ತಾವು ನಿಲ್ಲುವ ಸ್ಥಳದಲ್ಲಿಯೇ ವ್ಯಯಿಸುತ್ತವೆ. ಆಸ್ಟ್ರೇಲಿಯದ ಅಡಿಲೇಡಿನಲ್ಲಿದ್ದ ವಿಲಿಯಂ ಹೆನ್ರಿ ಬ್ರಾಗ್ ಅವರು 1904ರಲ್ಲಿ ಆಲ್ಫಾ ಕಣಗಳಲ್ಲಿ ಈ ಗುಣವನ್ನು ಕಂಡರು. ಇದು ಚಿಕಿತ್ಸೆಗೆ ಒದಗಬಹುದೆಂದು 1946ರಲ್ಲಿ ರಾಬರ್ಟ್ ವಿಲ್ಸನ್ ಸೂಚಿಸಿದರು. ಪ್ರೋಟಾನ್ ಚಿಕಿತ್ಸೆ ಚೆನ್ನೈಯಲ್ಲಿ 2019ರಲ್ಲಿಯೂ ನವಿ ಮುಂಬಯಿಯ ಖಾರ್ಘರ್‌ನಲ್ಲಿ 2023ರಲ್ಲಿಯೂ ಆರಂಭವಾಯಿತು. ಜಪಾನಿನ ಚಿಬಾ ನಗರದಲ್ಲಿ 1994ರಲ್ಲಿಯೇ ಇಂಗಾಲದ ಅಯಾನುಗಳಿಂದ ಚಿಕಿತ್ಸೆ ಮೊದಲಾಗಿತ್ತು. ಪ್ರೋಟಾನಿಗಿಂತ 12 ಪಟ್ಟು ಭಾರವಾದ ಈ ಅಯಾನು ಜೀವಕೋಶದ ಡಿ.ಎನ್.ಎ. ಎಳೆಗಳನ್ನು ದುರಸ್ತಿಯಾಗದಂತೆ ತುಂಡರಿಸಬಲ್ಲದು. ಆದುದರಿಂದ ಎಕ್ಸ್‌ಕಿರಣಗಳಿಗೆ ಬಗ್ಗದ ಕೆಲವು ಗಡ್ಡೆಗಳಿಗೂ ಅದು ಉಪಯುಕ್ತ.

ತೊಡಕಿರುವುದು ಅಯಾನುವನ್ನು ಸಿದ್ಧಪಡಿಸುವಲ್ಲಿ. ದೇಹದ ಆಳದ ಗಡ್ಡೆಯನ್ನು ಮುಟ್ಟಲು ಇಂಗಾಲದ ಅಯಾನು ಬೆಳಕಿನ ವೇಗದ ಶೇಕಡ 70ರಷ್ಟು ವೇಗವನ್ನು ಪಡೆಯಬೇಕು. ಇದಕ್ಕೆ ಬೇಕಾದ ಶಕ್ತಿ ಸುಮಾರು 480 ಕೋಟಿ ಎಲೆಕ್ಟ್ರಾನ್‌ವೋಲ್ಟ್. ವೇಗೋತ್ಕರ್ಷಕ ಯಂತ್ರವು ಅಯಾನುವನ್ನು ತಳ್ಳುವುದು ಅದರ ವಿದ್ಯುದಾವೇಶವನ್ನು ಹಿಡಿದು. ಆವೇಶ ಇಮ್ಮಡಿಯಾದರೆ ಅದೇ ವೋಲ್ಟೇಜಿನಿಂದ ದೊರೆಯುವ ಶಕ್ತಿಯೂ ಇಮ್ಮಡಿ. ಆವೇಶ ಹೆಚ್ಚಿಸುವುದೆಂದರೆ ಪರಮಾಣುವಿನಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುವುದು. ಇಂಗಾಲದಲ್ಲಿ ಅವು ಆರು. ಮೊದಲನೆಯದನ್ನು ಕೀಳಲು 11 ಎಲೆಕ್ಟ್ರಾನ್‌ವೋಲ್ಟ್ ಸಾಕು, ನಾಲ್ಕನೆಯದಕ್ಕೆ 64 ಬೇಕು. ಒಳಸುತ್ತಿನ ಐದನೆಯದಕ್ಕೆ 392, ಆರನೆಯದಕ್ಕೆ 490! ಈ ಕಾರಣದಿಂದ 2009ರಲ್ಲಿ ಚಿಕಿತ್ಸೆ ಆರಂಭಿಸಿದ ಜರ್ಮನಿಯ ಹೈಡೆಲ್‌ಬರ್ಗ್ ಕೇಂದ್ರದಲ್ಲಿ ಮೈಕ್ರೋವೇವ್‌ಗಳ ಬಲದಿಂದ ನಾಲ್ಕು ಎಲೆಕ್ಟ್ರಾನುಗಳನ್ನು ಮಾತ್ರ ಮೊದಲು ತೆಗೆಯುತ್ತಾರೆ. ಅಯಾನು ಸ್ವಲ್ಪ ವೇಗ ಪಡೆದ ಮೇಲೆ ತೆಳುಹಾಳೆಯೊಂದರ ಮೂಲಕ ಹಾಯಿಸಿ ಉಳಿದೆರಡನ್ನು ಕಳೆಯುತ್ತಾರೆ.

ಲೇಸರ್ ಇಲ್ಲಿ ಇನ್ನೊಂದು ದಾರಿ ತೋರುತ್ತದೆ. ಗ್ರಾಫೈಟ್ ತುಂಡಿನ ಮೇಲೆ ತೀವ್ರವಾದ ಲೇಸರ್ ಮಿಡಿತವನ್ನು ಒಂದೇ ಬಿಂದುವಿಗೆ ಕೇಂದ್ರೀಕರಿಸಿದರೆ, ಆ ಸ್ಥಳ ಕ್ಷಣಾರ್ಧಕ್ಕೂ ಮೊದಲೇ ಪ್ಲಾಸ್ಮಾ ಆಗುತ್ತದೆ. ಅಲ್ಲಿನ ಬಿಸಿ ಎಲೆಕ್ಟ್ರಾನುಗಳು ಪರಮಾಣುಗಳಿಗೆ ಬಡಿದು, ಪೂರ್ತಿ ಬರಿದಾದ ಅಯಾನುಗಳನ್ನೂ ವಿಪುಲವಾಗಿ ಹುಟ್ಟಿಸಬಲ್ಲವು. ಆದರೆ ಸಮಾನ ಆವೇಶದ ಅಯಾನುಗಳು ಪರಸ್ಪರ ವಿಕರ್ಷಿಸುವುದರಿಂದ ಅವುಗಳ ಪುಂಜ ದಾರಿಯಲ್ಲೇ ಚದರುತ್ತದೆ. ಇದಕ್ಕೆ ಜಪಾನಿನ ಮಸಾಹಿರೊ ಒಕಮುರ ಮತ್ತು ಸಹೋದ್ಯೋಗಿಗಳು ಈ ಶತಮಾನದ ಆರಂಭದಲ್ಲಿ ಸರಳವಾದ ಉಪಾಯವೊಂದನ್ನು ರೂಢಿಸಿದರು. ಎಲೆಕ್ಟ್ರಾನುಗಳೊಡನೆ ಬೆರೆತು ಶಾಂತವಾಗಿರುವ ಪ್ಲಾಸ್ಮಾವನ್ನೇ ವೇಗೋತ್ಕರ್ಷಕದ ಬಾಗಿಲವರೆಗೆ ಹರಿಯಬಿಟ್ಟು, ಅಯಾನುಗಳನ್ನು ಅಲ್ಲಿಯೇ ಬೇರ್ಪಡಿಸುವುದು ಆ ಉಪಾಯ.

ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ 2014ರಲ್ಲಿ ಲೇಸರ್ ಮೂಲವೊಂದು ಕಾರ್ಯಾರಂಭ ಮಾಡಿತು. ಅಲ್ಲಿ ಲೇಸರ್ ಒಂದು ಆವೇಶದ ಅಯಾನುಗಳನ್ನಷ್ಟೇ ಕೊಡುತ್ತದೆ. ಅವುಗಳ ಆವೇಶವನ್ನು ಹೆಚ್ಚಿಸುವುದು ಮತ್ತೊಂದು ಉಪಕರಣ. ಲೇಸರ್ ತಾಕುವ ವಸ್ತುವನ್ನು ಬದಲಿಸಿದರೆ ಅಯಾನುವೂ ಬದಲಾಗುವುದು. ಗಗನಯಾತ್ರಿಗಳ ದೇಹಕ್ಕೆ ವಿಶ್ವಕಿರಣಗಳಿಂದಾಗುವ ಹಾನಿಯ ಅಧ್ಯಯನಕ್ಕೆ ಈ ಸೌಲಭ್ಯ ನೆರವಾಗಿದೆ.

ಲೇಸರ್ ವಿಧಾನಕ್ಕೆ ಕೊರತೆಗಳೂ ಇವೆ. ಪ್ರತಿ ಹೊಡೆತಕ್ಕೂ ಗ್ರಾಫೈಟಿನ ಮೈ ಸವೆಯುತ್ತದೆ. ಒಂದು ಮಿಡಿತದ ಇಳುವರಿ ಇನ್ನೊಂದರಂತಿರುವುದಿಲ್ಲ. ರೋಗಿಗೆ ನೀಡುವ ಪ್ರಮಾಣವಾದರೋ ಕರಾರುವಾಕ್ಕಾಗಿರಲೇಬೇಕು. ಇಂಗಾಲ ಚಿಕಿತ್ಸೆಯೂ ಎಲ್ಲ ಕ್ಯಾನ್ಸರಿಗೂ ರಾಮಬಾಣವಲ್ಲ. ದೇಹದ ತುಂಬ ಹರಡಿದ ರೋಗಕ್ಕೆ ಅದು ತಕ್ಕುದಲ್ಲ. ಒಂದೆಡೆ ನೆಲೆನಿಂತ ಗಡ್ಡೆಗಳಲ್ಲಿ ತಜ್ಞರು ಆರಿಸಿದವಕ್ಕೆ ಮಾತ್ರ ಅದು ಸಲ್ಲುತ್ತದೆ. ಆದರೂ ಯಂತ್ರದ ಗಾತ್ರ ಮತ್ತು ವೆಚ್ಚಗಳೇ ಈ ಚಿಕಿತ್ಸೆಯನ್ನು ಬೆರಳೆಣಿಕೆಯ ದೇಶಗಳಲ್ಲಿ ಕಟ್ಟಿಹಾಕಿವೆ. ಪರಮಾಣುವಿನಿಂದ ಇನ್ನೆರಡು ಎಲೆಕ್ಟ್ರಾನುಗಳನ್ನು ಮೊದಲೇ ಕೀಳಲು ನಡೆಯುವ ಪ್ರಯತ್ನ ಮೇಲುನೋಟಕ್ಕೆ ಅಲ್ಪವೆನಿಸಬಹುದು. ಆ ಯಂತ್ರದ ಮೊದಲ ಘಟ್ಟವನ್ನು ಕಿರಿದುಗೊಳಿಸುವ ದಾರಿ ಮಾತ್ರ ಅದರಲ್ಲಿದೆ.