ಪಾಕದ ಅಳತೆ ಮತ್ತು ತೂಕ

ನಾಗರಪಂಚಮಿ ಬಂದರೆ ನಮ್ಮ ಕಡೆ ಉಂಡಿ ಕಟ್ಟದ ಮನೆಯಿಲ್ಲ. ನಮ್ಮ ಬಳಗವು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಹಂಚಿಕೊಂಡಿದೆ. ನಾಲ್ಕೂ ಮನೆಗಳಲ್ಲಿ ಶೇಂಗಾ ಉಂಡಿಯ ಲೆಕ್ಕ ವಾಟಿಯದೇ; ಆದರೆ ಒಂದು ಮನೆಯ ವಾಟಿ ಇನ್ನೊಂದರಂತಿಲ್ಲ. ದೋಸೆಗೆಂದು ಶಿರಸಿಯ ಕಡೆಯಿಂದ ತರುವ ಜೋನಿಬೆಲ್ಲವನ್ನು ಒಬ್ಬರು ಲೀಟರಿನಲ್ಲಿ ಕೊಂಡರೆ ಇನ್ನೊಬ್ಬರು ಕಿಲೋದಲ್ಲಿ ಕೊಳ್ಳುತ್ತಾರೆ. ಅಳತೆಯನ್ನು ತೂಕಕ್ಕೆ ತಿರುಗಿಸುವುದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಿಂದೆ 'ಸೇರು' ಎಂಬ ಒಂದೇ ಹೆಸರು ಎರಡಕ್ಕೂ ಸಲ್ಲುತ್ತಿತ್ತು. ಕಾಳು ಅಳೆಯುವ ಸೇರು ಒಂದು, ತಕ್ಕಡಿಯ ಸೇರು ಇನ್ನೊಂದು. 80 ತೊಲೆಯ ತೂಕದ ಸೇರು ಇಂದಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ. 1956ರ ಕಾಯಿದೆಯಂತೆ ಮೆಟ್ರಿಕ್ ಪದ್ಧತಿ ಅಂಗೀಕೃತವಾಗಿ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಬಳಕೆಗೆ ಬಂದಿತು. ಅಳತೆಗೆ ಲೀಟರು, ತೂಕಕ್ಕೆ ಕಿಲೋ ಎಂದು ಹೆಸರುಗಳು ಬೇರೆಯಾದವು. ಗೊಂದಲ ಮಾತ್ರ ಹೋಗಲಿಲ್ಲ. ಒಂದು ಲೀಟರು ನೀರು ಹೆಚ್ಚುಕಡಿಮೆ ಒಂದು ಕಿಲೋ ತೂಗುವುದರಿಂದ, ಎಲ್ಲ ದ್ರವವೂ ಹಾಗೆಯೇ ಎಂದು ನಾವು ಭಾವಿಸುತ್ತೇವೆ.

ವಸ್ತುಸ್ಥಿತಿ ಹಾಗಿಲ್ಲ. ಒಂದು ಲೀಟರು ಅಡಿಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ತೂಕದಲ್ಲಿ ಅರ್ಧ ಸಕ್ಕರೆ, ಅರ್ಧ ನೀರು ಇರುವ ಪಾಕವು 1,230 ಗ್ರಾಂ. ನೂರಕ್ಕೆ 70 ಪಾಲು ಸಕ್ಕರೆಯಿದ್ದರೆ 1,350 ಗ್ರಾಂ. ಜೇನುತುಪ್ಪ ಸುಮಾರು 1,400 ಗ್ರಾಂ. ಸಕ್ಕರೆಯ ವಿಶಿಷ್ಟ ಗುರುತ್ವ ಸುಮಾರು 1.59. ಆದ್ದರಿಂದ ದ್ರವದಲ್ಲಿ ಸಿಹಿಯ ಅಂಶ ಹೆಚ್ಚಿದಷ್ಟೂ ತೂಕ ಹೆಚ್ಚು. ಜೋನಿಬೆಲ್ಲದ ವಿಶಿಷ್ಟ ಗುರುತ್ವವನ್ನು 1.35 ಎಂದು ಹಿಡಿದರೆ, 5 ಲೀಟರಿನ ಡಬ್ಬಿಯಲ್ಲಿ 6.75 ಕಿಲೋ ಇರುತ್ತದೆ. ಹೀಗಾಗಿ ಲೀಟರಿಗೆ 135 ರೂಪಾಯಿ ಎಂಬುದೂ ಕಿಲೋಕ್ಕೆ 100 ರೂಪಾಯಿ ಎಂಬುದೂ ಒಂದೇ ದರ. ಇದನ್ನರಿಯದವನು ಅಗ್ಗವಾದುದನ್ನು ತುಟ್ಟಿಯೆಂದು ಬಿಟ್ಟು ಬರುವ ಸಂಭವವುಂಟು.

ಪುಸ್ತಕದ ಅಂಕಿಯನ್ನೇ ನಂಬಬೇಕಾಗಿಲ್ಲ. ಬರಿಯ ವಾಟಿಯನ್ನು ತೂಗಿರಿ. ಅಂಚಿನವರೆಗೆ ನೀರು ತುಂಬಿ ತೂಗಿರಿ. ನೀರು ಚೆಲ್ಲಿ, ಒರೆಸಿ, ಜೋನಿಬೆಲ್ಲ ತುಂಬಿ ತೂಗಿರಿ. ಉದಾಹರಣೆಗೆ, ಈ ಮೂರು ತೂಕಗಳು 80, 230, 284 ಗ್ರಾಂ ಎಂದಿಟ್ಟುಕೊಳ್ಳೋಣ. ನೀರಿನ ತೂಕ 150 ಗ್ರಾಂ ಆದ್ದರಿಂದ ವಾಟಿ ಹಿಡಿಯುವುದು 150 ಮಿಲಿಲೀಟರು. ಜೋನಿಬೆಲ್ಲದ ತೂಕ 204 ಗ್ರಾಂ. 204ನ್ನು 150ರಿಂದ ಭಾಗಿಸಿದರೆ 1.36, ಇದೇ ಅದರ ವಿಶಿಷ್ಟ ಗುರುತ್ವ.

ಒಲೆಯ ಮೇಲಿನ ಪಾಕಕ್ಕೆ ಮಾತ್ರ ಈ ಲೆಕ್ಕ ನಿಲ್ಲದು. ಕುದಿದಂತೆ ನೀರು ಆವಿಯಾಗಿ, ಗಳಿಗೆ ಗಳಿಗೆಗೂ ಪಾಕ ಗಟ್ಟಿಯಾಗುತ್ತದೆ. ಒಂದು ಕಿಲೋ ಸಕ್ಕರೆಯನ್ನು ಅರ್ಧ ಲೀಟರು ನೀರಿನಲ್ಲಿ ಕರಗಿಸಿದಾಗ ತೂಕ ಒಂದೂವರೆ ಕಿಲೋ, ಗಾತ್ರ ಸುಮಾರು 1.13 ಲೀಟರು. ಕುದಿಸಿದ ಮೇಲೆ ಇವೆರಡೂ ಇಳಿಯುತ್ತವೆ. ಒಳಗಿನ ಸಕ್ಕರೆ ಅಷ್ಟೇ ಇರುತ್ತದೆ. ಆದುದರಿಂದ ಬೆಲ್ಲವನ್ನು ಒಲೆಗಿಡುವ ಮುಂಚೆ ತೂಗಬೇಕು. ಪಾಕದ ಹದವನ್ನು ಎಳೆಯಿಂದ ತಿಳಿಯಬೇಕು. ನಮ್ಮವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಹನಿ ಪಾಕವನ್ನು ಬೆರಳುಗಳ ನಡುವೆ ಎಳೆದು, ನೀರು ಇನ್ನೆಷ್ಟು ಹೋಗಬೇಕೆಂದು ಹೇಳಬಲ್ಲಳು. ಎಳೆ ನೋಡುವುದೂ ಒಂದು ಬಗೆಯ ಸಾಂದ್ರತೆಯ ಪರೀಕ್ಷೆಯೇ.

ಅವಳ ಬೆರಳಿನ ವಿದ್ಯೆಯನ್ನು ನಾನು ಬರೆದಿಡಲಾರೆ. ವಾಟಿಯ ಲೆಕ್ಕವನ್ನು ಬರೆದಿಡಬಲ್ಲೆ. ಅದು ಗ್ರಾಮಿನಲ್ಲಿದ್ದರೆ ಹಿರೇಕೆರೂರಿನ ಅಕ್ಕನಿಗೂ ನಾಳೆ ಅವಳ ಮಗಳಿಗೂ ದಕ್ಕುತ್ತದೆ. ಸಹಪಾಠಿಗಳು ಈ ರಜೆಯಲ್ಲಿ ತಮ್ಮ ಮನೆಯ ವಾಟಿಯನ್ನು ತೂಗಿ, ಅಂಕಿಯನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದಿಡಲಿ. ಅಂಗಡಿಯ ತಕ್ಕಡಿಯೇ ಸಾಕು. ಕಾಲು ತಾಸಿನ ಕೆಲಸ.