ಹಾಯಿಹಡಗಿನ ಊರಿಗೆ ಒಂದು ದಿನ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಲಿನ್‌ವುಡ್‌ನ ನಿವಾಸಿಗಳು ಒಂದೇ ದಿನದಲ್ಲಿ ನೋಡಿ ಬರಬಹುದಾದ ಹಾಯಿಹಡಗಿನ ಕಾಲದ ಊರು ಪೋರ್ಟ್ ಟೌನ್‌ಸೆಂಡ್. ಎಡ್ಮಂಡ್ಸ್‌ನಲ್ಲಿ ಕಾರಿನ ಸಮೇತ ಫೆರಿ ಹತ್ತಿದರೆ ಅರ್ಧ ಗಂಟೆಯಲ್ಲಿ ಕಿಂಗ್‌ಸ್ಟನ್; ಅಲ್ಲಿಂದ ಸುಮಾರು ಒಂದು ಗಂಟೆಯ ರಸ್ತೆ. ಈ ಫೆರಿಗೆ ಮುಂಗಡ ಬುಕಿಂಗ್ ಇಲ್ಲ. ಬೇಸಿಗೆಯ ವಾರಾಂತ್ಯದಲ್ಲಿ ಕಾರುಗಳ ಸಾಲು ಬೆಳೆಯುವುದರಿಂದ ಬೆಳಗ್ಗೆ ಬೇಗ ಹೊರಡುವುದೇ ಜಾಣತನ. ದಾರಿಯ ಹುಡ್ ಕೆನಾಲ್ ತೇಲುಸೇತುವೆ ಹಡಗು ಬಂದಾಗ ತೆರೆದುಕೊಳ್ಳುತ್ತದೆ. ಕೈಯಲ್ಲಿ ಸ್ವಲ್ಪ ಹೆಚ್ಚು ಸಮಯ ಇಟ್ಟುಕೊಂಡಿರಬೇಕು.

1851ರಲ್ಲಿ ಹುಟ್ಟಿದ ಈ ಊರು ಪ್ಯೂಜೆಟ್ ಸೌಂಡ್‌ಗೆ ಬರುವ ಹಡಗುಗಳ ಸುಂಕದ ಕಟ್ಟೆಯಾಗಿತ್ತು. ರೈಲು ಬಂದೇ ಬರುತ್ತದೆಂದು ನಂಬಿ ಜನ ಭವ್ಯ ಕಟ್ಟಡಗಳನ್ನು ಎಬ್ಬಿಸಿದರು. ಹೊರಜಗತ್ತಿಗೆ ಜೋಡಿಸುವ ಹಳಿ ಬರಲೇ ಇಲ್ಲ. 1893ರ ಆರ್ಥಿಕ ಕುಸಿತ ಊರನ್ನು ಮಲಗಿಸಿತು. ಕೆಡವಿ ಹೊಸದು ಕಟ್ಟಲು ಹಣವಿಲ್ಲದ್ದರಿಂದಲೇ ವಾಟರ್ ಸ್ಟ್ರೀಟ್‌ನ ಇಟ್ಟಿಗೆ ಕಟ್ಟಡಗಳು ಉಳಿದವು. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಹಳೆಯ ತಂಬಾಕಿನ ಜಾಹೀರಾತನ್ನು ಈಗಲೂ ಓದಬಹುದು. ಗುಡ್ಡದ ಮೇಲೆ 1892ರ ನ್ಯಾಯಾಲಯದ ಗಡಿಯಾರ ಗೋಪುರವಿದೆ.

ಹೆಚ್ಚು ಹೊತ್ತು ಕಳೆಯಬೇಕಾದದ್ದು ಪಾಯಿಂಟ್ ಹಡ್ಸನ್ ಬಂದರಿನಲ್ಲಿ. ಮರದ ದೋಣಿಗಳ ಹಲಗೆಗಳ ಜೋಡಣೆ, ವಾರ್ನಿಶ್‌ನ ಹೊಳಪು, ಅಚ್ಚುಕಟ್ಟಾಗಿ ಸುತ್ತಿಟ್ಟ ಹಗ್ಗ ಎಲ್ಲವನ್ನೂ ಹತ್ತಿರದಿಂದ ನೋಡಬಹುದು. ಮರದ ದೋಣಿಗಳ ಉತ್ಸವ 1977ರಲ್ಲಿ ಶುರುವಾಗಿದ್ದು, ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಮಕ್ಕಳಿರುವ ಮನೆಯವರು ಆಗ ಹೋಗುವುದು ಉತ್ತಮ. ಬಿಸಿಲಿದ್ದರೂ ಕಡಲಗಾಳಿ ಕೊರೆಯುತ್ತದೆ, ಜಾಕೆಟ್ ಬೇಕೇ ಬೇಕು.

ವಾಪಸ್ ಬರಲು ಪೋರ್ಟ್ ಟೌನ್‌ಸೆಂಡ್‌ನಿಂದಲೇ ಕೂಪ್‌ವಿಲ್ ಫೆರಿ ಹತ್ತಿ, ಅಲ್ಲಿಂದ ರಸ್ತೆಯಲ್ಲಿ ಕ್ಲಿಂಟನ್‌ಗೆ ಹೋಗಿ ಮುಕಿಲ್ಟಿಯೊ ಫೆರಿ ಹಿಡಿಯಬಹುದು. ಕೂಪ್‌ವಿಲ್ ಫೆರಿಯಲ್ಲಿ ಕಾರಿಗೆ ಜಾಗವನ್ನು ಮೊದಲೇ ಕಾಯ್ದಿರಿಸಿಕೊಳ್ಳುವುದು ಒಳ್ಳೆಯದು.